ಹಳೇ ನೀರಿನ ಗಿರಣಿ: ಒಳಗಿನ ಮರದ ಚೌಕಟ್ಟು ಗೋಡೆಗೆ ಯಾಕೆ ತಾಗಿಲ್ಲ? (ವೇದಿಕೆಯ ಚರ್ಚೆ; ಪ್ರತಿ ಮಾತಿನ ಮೇಲಿರುವುದು ಬರೆದವರ ಅಡ್ಡಹೆಸರು)

ಅಳತೆಪಟ್ಟಿ:

ಎಲ್ಲರಿಗೂ ನಮಸ್ಕಾರ. ಒಂದು ಹಳೇ ನೀರಿನ ಗಿರಣಿಯ ಅಳತೆ ತೆಗೆದು ನಕ್ಷೆ ಬರೆಯುವ ಕೆಲಸ ಹಿಡಿದಿದ್ದೇನೆ. ಕಲ್ಲಿನ ಗೋಡೆ, ಮೂರು ಅಂತಸ್ತು, ಒಂದು ಪಕ್ಕದ ಗೋಡೆಯ ಹೊರಗೆ ಮರದ ಚಕ್ರ. ಚಕ್ರ ಅರ್ಧ ಕೊಳೆತಿದೆ. ಒಳಗಿನ ಗಿಯರುಗಳು ಮಾತ್ರ ಬಹುತೇಕ ಇದ್ದ ಹಾಗೇ ಇವೆ, ನೋಡಿ ಖುಷಿಯಾಯ್ತು.

ನನ್ನ ತಲೆ ಕೆಡಿಸಿದ್ದು ಒಂದೇ ವಿಷಯ. ಕೆಳಗಿನ ಅಂತಸ್ತಿನಲ್ಲಿ, ಚಕ್ರದ ಕಡೆಯ ಮೂಲೆಯಲ್ಲಿ, ದಪ್ಪ ಕಂಬ ತೊಲೆಗಳ ಒಂದು ಚೌಕಟ್ಟು ಇದೆ. ಒಂದೊಂದು ಕಂಬವೂ ಒಂದಡಿಗಿಂತ ದಪ್ಪ. ಬೀಸುವ ಕಲ್ಲುಗಳ ಭಾರವೆಲ್ಲ ಇದರ ಮೇಲೆಯೇ. ಇಷ್ಟು ಭಾರ ಹೊರುವ ಚೌಕಟ್ಟನ್ನು ಪಕ್ಕದ ಗೋಡೆಗೆ ಸೇರಿಸಿ ಬಿಗಿ ಮಾಡುವುದು ಸಹಜ ಅಲ್ವಾ? ಇಲ್ಲಿ ಹಾಗಿಲ್ಲ. ಚೌಕಟ್ಟಿಗೂ ಗೋಡೆಗೂ ನಡುವೆ ನಾಲ್ಕು ಬೆರಳು ಜಾಗ ಬಿಟ್ಟಿದ್ದಾರೆ, ಎಲ್ಲೂ ಒಂದು ಮೊಳೆಯೂ ಇಲ್ಲ. ಕೈ ತೂರಿಸಿ ನೋಡಿದೆ, ಮೊಣಕೈವರೆಗೂ ಹೋಯಿತು.

ಜೊತೆಗಿದ್ದವರಲ್ಲಿ ಒಬ್ಬರು, ಕಟ್ಟುವಾಗ ಅಳತೆ ತಪ್ಪಿರಬೇಕು, ಈ ಸಂದಿಗೆ ಕಾಂಕ್ರೀಟ್ ತುಂಬಿಬಿಟ್ಟರೆ ಗಟ್ಟಿಯಾಗುತ್ತದೆ ಎನ್ನುತ್ತಿದ್ದಾರೆ. ನನಗೆ ಮನಸ್ಸು ಒಪ್ಪುತ್ತಿಲ್ಲ. ಆದರೆ ಬೇಡ ಎನ್ನಲು ಕಾರಣ ಕೊಡಬೇಕಲ್ಲ. ಗೊತ್ತಿರುವವರು ಹೇಳಿ.

ಮರಗೆಲಸ:

ದಯವಿಟ್ಟು ತುಂಬಬೇಡಿ. ಯಾರಾದರೂ ಸಿಮೆಂಟ್ ಚೀಲ ತಂದಿಟ್ಟಿದ್ದರೆ ಮೊದಲು ಅದನ್ನು ಅಲ್ಲಿಂದ ಎತ್ತಿಸಿ.

ಆ ಸಂದಿ ತಪ್ಪಲ್ಲ. ಬೇಕೆಂದೇ ಬಿಟ್ಟಿದ್ದು. ಇಂಗ್ಲಿಷ್ ಗಿರಣಿ ಕಸುಬಿನವರು ಈ ಚೌಕಟ್ಟಿಗೆ ಹರ್ಸ್ಟ್ ಎನ್ನುತ್ತಾರೆ. ಮನೆಯೊಳಗೆ ನಿಂತ ಇನ್ನೊಂದು ಮನೆ ಅಂದುಕೊಳ್ಳಿ. ಹೊರಗಿನದು ಮಳೆ ಗಾಳಿ ತಡೆಯುತ್ತದೆ, ಕಾಳಿನ ಚೀಲ ಹೊರುತ್ತದೆ. ಒಳಗಿನದು ಯಂತ್ರವನ್ನು ಹೊರುತ್ತದೆ. ಎರಡೂ ಒಂದನ್ನೊಂದು ಮುಟ್ಟಬಾರದು.

ಕಾರಣ ಹೇಳುತ್ತೇನೆ. ಮೇಲಿನ ಕಲ್ಲು ಸಾಮಾನ್ಯವಾಗಿ ಸುಮಾರು 1.2 ಮೀಟರ್ ಅಗಲ ಇರುತ್ತದೆ. ಹೊಸದಾಗಿದ್ದಾಗ ತೂಕ ಒಂದು ಟನ್ನಿನ ಹತ್ತಿರ. ಅದು ನಿಮಿಷಕ್ಕೆ ನೂರು ಸುತ್ತಿಗಿಂತ ಜಾಸ್ತಿ ತಿರುಗುತ್ತದೆ. ಕೆಳಗೆ ಗಿಯರಿನ ಹಲ್ಲುಗಳು ಒಂದಕ್ಕೊಂದು ಬಡಿಯುತ್ತಲೇ ಇರುತ್ತವೆ. ಈ ನಡುಕವೆಲ್ಲ ಗೋಡೆಗೆ ಹೋದರೆ ಕಲ್ಲುಗಳ ನಡುವಿನ ಗಾರೆ ದಿನವೂ ಸ್ವಲ್ಪ ಸ್ವಲ್ಪ ಉದುರುತ್ತದೆ. ಮರದ ಚೌಕಟ್ಟು ಆ ನಡುಕವನ್ನು ತಾನೇ ನುಂಗಿಕೊಂಡು, ಉಳಿದಿದ್ದನ್ನು ನೇರ ಅಡಿಪಾಯಕ್ಕೆ ಇಳಿಸುತ್ತದೆ.

ಇದು ಅರ್ಧ ಕಾರಣ. ನನ್ನ ಪ್ರಕಾರ ಇನ್ನರ್ಧವೇ ದೊಡ್ಡದು. ಚಕ್ರದ ಕಡೆಯ ಗೋಡೆ ಯಾವಾಗಲೂ ನೀರಿನ ಪಕ್ಕ ನಿಂತಿರುತ್ತದೆ. ಅದು ಕೂರುತ್ತದೆ, ವಾಲುತ್ತದೆ. ವರ್ಷಕ್ಕೆ ಒಂದು ಕೂದಲೆಳೆಯಷ್ಟೇ ಇರಬಹುದು, ನೂರು ವರ್ಷ ಅಂದರೆ ಕಡಿಮೆಯಲ್ಲ. ಎರಡು ಬೀಸುಕಲ್ಲುಗಳ ನಡುವಿನ ಸಂದಿ ನೋಡಿದ್ದೀರಾ? ನಡುವಿನ ಕಣ್ಣಿನ ಹತ್ತಿರ ಕಾಳು ಒಳಗೆ ನುಗ್ಗುವಷ್ಟು ಜಾಗ, ಅಂಚಿಗೆ ಬರುವಾಗ ತೆಳು ಕಾಗದದಷ್ಟು. ಚೌಕಟ್ಟು ಗೋಡೆಯ ಜೊತೆ ವಾಲಿದರೆ ಒಂದು ಕಡೆ ಕಲ್ಲಿಗೆ ಕಲ್ಲು ಉಜ್ಜುತ್ತದೆ, ಇನ್ನೊಂದು ಕಡೆ ಕಾಳು ಒಡೆಯದೆ ಹಾಗೇ ಆಚೆ ಬರುತ್ತದೆ. ಗೋಡೆ ಏನಾದರೂ ಮಾಡಿಕೊಳ್ಳಲಿ, ಕಲ್ಲು ಮಟ್ಟವಾಗಿರಬೇಕು. ಆ ನಾಲ್ಕು ಬೆರಳು ಜಾಗ ಇರುವುದು ಅದಕ್ಕೇ.

ನಾನು ಹಿಂದೆ ಕೆಲಸ ಮಾಡಿದ ಒಂದು ಗಿರಣಿಯಲ್ಲಿ, ನಾವು ಹೋಗುವ ಮೊದಲೇ ಒಬ್ಬ ಗುತ್ತಿಗೆದಾರರು ಗಟ್ಟಿ ಮಾಡುತ್ತೇನೆಂದು ಕಬ್ಬಿಣದ ಪಟ್ಟಿ ಹಾಕಿ ಚೌಕಟ್ಟನ್ನು ಗೋಡೆಗೆ ಬಿಗಿದಿದ್ದರು. ಚಕ್ರ ಬಿಟ್ಟ ಮೊದಲ ದಿನವೇ ಮೇಲಿನ ಕಿಟಕಿಯ ಮೂಲೆಯಿಂದ ಗಾರೆ ಉದುರಿತು. ಆಮೇಲೆ ಅದೇ ಮೂಲೆಯಿಂದ ಬಿರುಕು ಶುರು. ಪಟ್ಟಿ ಕತ್ತರಿಸಿ ತೆಗೆದ ಮೇಲೆ ಬಿರುಕು ಮುಂದಕ್ಕೆ ಹೋಗಲಿಲ್ಲ. ಅವತ್ತು ನಾನು ಆ ಗೋಡೆಗೆ ಅಂಗೈ ಇಟ್ಟು ನಿಂತಿದ್ದೆ. ಪಟ್ಟಿ ಇದ್ದಾಗ ಗೋಡೆ ಗುಂಯ್ ಎನ್ನುತ್ತಿತ್ತು, ತೆಗೆದ ಮೇಲೆ ಸುಮ್ನಾಯಿತು.

ಒಂದು ಕೆಲಸ ಮಾಡಿ. ಮೇಲಿನ ಅಂತಸ್ತಿನ ಜಂತೆಗಳು ಎಲ್ಲಿ ಕೂತಿವೆ ನೋಡಿ, ಗೋಡೆಯಲ್ಲೋ ಚೌಕಟ್ಟಿನ ಮೇಲೋ. ಹಾಗೇ ಗಿಯರಿನ ಹಲ್ಲುಗಳನ್ನೂ ಎಣಿಸಿ. ಎಲ್ಲ ಚಕ್ರಗಳದ್ದೂ, ಒಂದೂ ಬಿಡಬೇಡಿ.

ಅಳತೆಪಟ್ಟಿ:

ತುಂಬಾ ಥ್ಯಾಂಕ್ಸ್. ಓದಿದ ತಕ್ಷಣ ಫೋನ್ ಮಾಡಿ ಕಾಂಕ್ರೀಟ್ ಮಾತು ನಿಲ್ಲಿಸಿದೆ. ಹಲ್ಲು ಯಾಕೆ ಎಣಿಸಬೇಕು ಅಂತ ಸ್ವಲ್ಪ ಹೇಳ್ತೀರಾ?

ಮರಗೆಲಸ:

ಹೊರಗಿನ ಚಕ್ರ ನಿಧಾನ. ನಿಮಿಷಕ್ಕೆ ಎಂಟೋ ಹತ್ತೋ ಸುತ್ತು. ಕಲ್ಲಿಗೆ ನೂರು ಚಿಲ್ಲರೆ ಬೇಕು. ಹಾಗಾಗಿ ಎರಡು ಹಂತದಲ್ಲಿ ವೇಗ ಏರಿಸುತ್ತಾರೆ. ಚಕ್ರದ ಅಚ್ಚಿನ ಮೇಲೆ, ಗುಂಡಿಯೊಳಗೆ ಅರ್ಧ ಮುಳುಗಿದ ಹಾಗೆ, ನೆಟ್ಟಗೆ ನಿಂತ ದೊಡ್ಡ ಹಲ್ಲುಚಕ್ರ ಇರುತ್ತದೆ. ಅದು ನಡುವಿನ ನೆಟ್ಟ ಕಂಬವನ್ನು ತಿರುಗಿಸುತ್ತದೆ. ಆ ಕಂಬದ ಮೇಲೆ ಇನ್ನೊಂದು ದೊಡ್ಡ ಹಲ್ಲುಚಕ್ರ ಮಲಗಿರುತ್ತದೆ, ಅದರ ಸುತ್ತ ಒಂದೊಂದು ಜೊತೆ ಕಲ್ಲಿಗೆ ಒಂದೊಂದು ಚಿಕ್ಕ ಚಕ್ರ.

ಹಳೇ ಕಸುಬುದಾರರ ಜಾಣತನ ಹಲ್ಲಿನ ಲೆಕ್ಕದಲ್ಲಿ ಸಿಗುತ್ತದೆ. ದೊಡ್ಡದರಲ್ಲಿ 80, ಚಿಕ್ಕದರಲ್ಲಿ 20 ಹಲ್ಲು ಇಟ್ಟರೆ ಅದೇ ಹಲ್ಲಿಗೆ ಅದೇ ಹಲ್ಲು ಮತ್ತೆ ಮತ್ತೆ ಸಿಕ್ಕಿ, ಒಂದು ಕೆಟ್ಟ ಹಲ್ಲು ಎದುರಿನ ನಾಲ್ಕನ್ನೇ ಸವೆಸುತ್ತದೆ. ಅದಕ್ಕೆ 81 ಇಡುತ್ತಾರೆ. ಆಗ ಪ್ರತಿ ಹಲ್ಲೂ ಎದುರಿನ ಎಲ್ಲ ಹಲ್ಲನ್ನೂ ಸರದಿಯಲ್ಲಿ ಮುಟ್ಟುತ್ತದೆ. ಸವೆತ ಎಲ್ಲರಿಗೂ ಸಮ. ಎರಡು ಹಲ್ಲುಚಕ್ರದಲ್ಲಿ ಒಂದಕ್ಕೆ ಮರದ ಹಲ್ಲು, ಇನ್ನೊಂದಕ್ಕೆ ಕಬ್ಬಿಣದ ಹಲ್ಲು ಕೂಡ ಇರುತ್ತದೆ. ಸೇಬಿನ ಮರ, ಹಾರ್ನ್‌ಬೀಮ್ ಥರದ ಗಟ್ಟಿ ಮರ. ಸದ್ದು ಕಡಿಮೆ, ಕಿಡಿ ಹಾರುವುದಿಲ್ಲ. ಏನಾದರೂ ಸಿಕ್ಕಿಕೊಂಡರೆ ಒಂದು ಮರದ ಹಲ್ಲು ಮುರಿಯುತ್ತದೆ, ಇಡೀ ಚಕ್ರ ಒಡೆಯುವುದಿಲ್ಲ. ಮುರಿದ ಹಲ್ಲನ್ನು ಕಿತ್ತು ಹೊಸದನ್ನು ಬಡಿದರೆ ಆಯ್ತು.

ತೂಬು:

ನೀವಿಬ್ಬರೂ ಒಳಗಿನಿಂದ ಶುರು ಮಾಡಿದ್ದೀರಿ. ನಾನು ಹೊರಗಿನಿಂದ ಬರುತ್ತೇನೆ. ಗಿರಣಿಯ ಕಟ್ಟಡ ಶುರುವಾಗುವುದು ಬಾಗಿಲಲ್ಲಿ ಅಲ್ಲ, ಮೇಲೆ ಹೊಳೆಗೆ ಒಡ್ಡು ಹಾಕಿದ ಕಡೆ. ಅಲ್ಲಿಂದ ಕಾಲುವೆ. ಹೊಳೆ ಇಳಿಜಾರಿನಲ್ಲಿ ಓಡುತ್ತಾ ಕೆಳಗೆ ಹೋಗುತ್ತದೆ, ಕಾಲುವೆ ಗುಡ್ಡದ ಬದಿ ಹಿಡಿದು ಹೆಚ್ಚು ಕಡಿಮೆ ಮಟ್ಟದಲ್ಲೇ ಬರುತ್ತದೆ. ಗಿರಣಿ ತಲುಪುವ ಹೊತ್ತಿಗೆ ಎರಡರ ನಡುವೆ ಎರಡು ಮೂರು ಮೀಟರ್ ಅಂತರ ಹುಟ್ಟಿರುತ್ತದೆ. ಆ ಅಂತರವೇ ಗಿರಣಿಯ ಬಂಡವಾಳ. ಕಟ್ಟಡ ಎಲ್ಲಿರಬೇಕು, ಯಾವ ಕಡೆ ಮುಖ ಮಾಡಬೇಕು, ಎಷ್ಟು ಎತ್ತರ ಇರಬೇಕು ಎಂಬುದೆಲ್ಲ ಅಲ್ಲೇ ತೀರ್ಮಾನವಾಗಿರುತ್ತದೆ.

ನಕ್ಷೆಯಲ್ಲಿ ಒಡ್ಡು, ಕಾಲುವೆ, ಕೆರೆ, ತೂಬು, ಹೆಚ್ಚು ನೀರು ಹೊರಹೋಗುವ ಕೋಡಿ, ಚಕ್ರದ ಗುಂಡಿ, ಕೆಳಗಿನ ಹೊರಗಾಲುವೆ ಇವೆಲ್ಲ ಬರಲೇಬೇಕು. ಬರೀ ನಾಲ್ಕು ಗೋಡೆ ಬರೆದರೆ ಅರ್ಧ ಯಂತ್ರ ಬಿಟ್ಟ ಹಾಗೆ.

ಚಕ್ರ ಯಾವ ಜಾತಿಯದು? ನೀರು ಮೇಲಿಂದ ಬೀಳುತ್ತದೋ, ನಡುವೆ ಹೊಡೆಯುತ್ತದೋ, ತಳದಲ್ಲಿ ತಳ್ಳುತ್ತದೋ? ಇದು ಸಣ್ಣ ವಿಷಯ ಅಲ್ಲ. ಜಾನ್ ಸ್ಮೀಟನ್ ಎಂಬ ಇಂಗ್ಲಿಷ್ ಎಂಜಿನಿಯರ್ ಚಿಕ್ಕ ಮಾದರಿ ಚಕ್ರ ಮಾಡಿ, ತೂಕ ಎತ್ತಿಸಿ ಅಳೆದು, 1759ರಲ್ಲಿ ಫಲಿತಾಂಶ ಪ್ರಕಟಿಸಿದರು. ಅಷ್ಟೇ ನೀರು, ಅಷ್ಟೇ ಎತ್ತರ ಇದ್ದರೆ, ತಳದಲ್ಲಿ ತಳ್ಳಿಸಿಕೊಳ್ಳುವ ಚಕ್ರಕ್ಕಿಂತ ಮೇಲಿಂದ ನೀರು ತುಂಬಿಸಿಕೊಳ್ಳುವ ಚಕ್ರ ಸುಮಾರು ಎರಡು ಪಟ್ಟು ಕೆಲಸ ಕೊಡುತ್ತದೆ ಎಂದು ತೋರಿಸಿದರು. ಒಂದರಲ್ಲಿ ನೀರಿನ ರಭಸ ಕೆಲಸ ಮಾಡುತ್ತದೆ, ರಭಸದ ಹೆಚ್ಚು ಪಾಲು ನೊರೆಯಾಗಿ ಹಾಳಾಗುತ್ತದೆ. ಇನ್ನೊಂದರಲ್ಲಿ ನೀರಿನ ತೂಕ ಕೆಲಸ ಮಾಡುತ್ತದೆ. ಇದಾದ ಮೇಲೆ ಬಹಳ ಕಡೆ ಒಡ್ಡು ಎತ್ತರಿಸಿ ಚಕ್ರ ಬದಲಾಯಿಸಿದ್ದಾರೆ. ಫ್ರಾನ್ಸಿನಲ್ಲಿ ಪಾನ್ಸಲೆ ಎಂಬ ಎಂಜಿನಿಯರ್ 1820ರ ದಶಕದಲ್ಲಿ ತಳದ ಚಕ್ರದ ಹಲಗೆಗಳನ್ನೇ ಬಾಗಿಸಿ ಅದನ್ನೂ ಸುಧಾರಿಸಿದರು, ಆ ಕಥೆ ಬೇರೆ.

ಒಂದು ಉಪಾಯ ಹೇಳುತ್ತೇನೆ. ಚಕ್ರದ ಹಿಂದಿನ ಗೋಡೆಗೆ ಸಂಜೆ ಹೊತ್ತಲ್ಲಿ ಟಾರ್ಚ್ ಅನ್ನು ಪಕ್ಕದಿಂದ ಓರೆಯಾಗಿ ಹಿಡಿಯಿರಿ. ಚಕ್ರ ಓಲಾಡಿದಾಗ, ಕಟ್ಟಿಗೆ ಸಿಕ್ಕಿಕೊಂಡಾಗ ಗೋಡೆಗೆ ಉಜ್ಜಿ ಬಿಲ್ಲಿನಂಥ ಗೀರು ಬಿದ್ದಿರುತ್ತದೆ. ಆ ಗೀರಿನಿಂದ ಹಳೇ ಚಕ್ರದ ಅಳತೆ ತೆಗೆಯಬಹುದು. ಈಗಿನ ಚಕ್ರಕ್ಕೆ ಹೊಂದದ ಗೀರು ಸಿಕ್ಕರೆ, ಅಲ್ಲಿ ಮೊದಲು ಬೇರೆ ಚಕ್ರ ಇತ್ತು ಎಂದರ್ಥ.

ಕಿರುದಾರಿ:

ನನ್ನದೊಂದು ಬೇರೆ ಮಾತು. ಇಷ್ಟೆಲ್ಲ ಗಿಯರು, ಚೌಕಟ್ಟು, ಮೂರು ಅಂತಸ್ತು ಬೇಕಿತ್ತಾ? ಹಿಮಾಲಯದ ಘರಾಟ್ ನೋಡಿ. ತೊರೆಯ ಮೇಲೆ ಒಂದು ಚಿಕ್ಕ ಗುಡಿಸಲು. ಕೆಳಗೆ ಅಡ್ಡಲಾಗಿ ಮಲಗಿದ ಚಕ್ರ, ಅದರ ನೆಟ್ಟ ಅಚ್ಚಿನ ತುದಿಗೆ ನೇರ ಮೇಲಿನ ಕಲ್ಲು. ಒಂದೂ ಗಿಯರಿಲ್ಲ. ನೀರು ಕಡಿದಾದ ಮರದ ದೋಣಿಯಲ್ಲಿ ಬಂದು ಹಲಗೆಗೆ ಹೊಡೆಯುತ್ತದೆ, ಚಕ್ರ ಒಂದು ಸುತ್ತು, ಕಲ್ಲು ಒಂದು ಸುತ್ತು. ನಾರ್ವೆ, ಶೆಟ್ಲ್ಯಾಂಡ್, ಬಾಲ್ಕನ್ ಕಡೆಯೂ ಇದೇ ಥರ. ಐರ್ಲೆಂಡ್ ದ್ವೀಪದ ಉತ್ತರದಲ್ಲಿ ನೆಂಡ್ರಮ್ ಎಂಬಲ್ಲಿ ಕಡಲ ಉಬ್ಬರದ ನೀರು ಹಿಡಿದು ಬೀಸುತ್ತಿದ್ದ ಗಿರಣಿ ಸಿಕ್ಕಿದೆ. ಅದರ ಮರದ ವಾರ್ಷಿಕ ಉಂಗುರ ಎಣಿಸಿ 619ನೇ ಇಸವಿಯದು ಎಂದು ಹೇಳಿದ್ದಾರೆ. ಅದೂ ಮಲಗಿದ ಚಕ್ರದ್ದೇ. ಸರಳವಾದದ್ದು ಕೀಳು ಅಂತ ಯಾರೂ ಅಂದುಕೊಳ್ಳಬಾರದು.

ತೂಬು:

ಕೀಳು ಅಂತ ಯಾರೂ ಹೇಳಿಲ್ಲ, ನನಗೂ ಘರಾಟ್ ಇಷ್ಟ. ಆದರೆ ಅದಕ್ಕೆ ಕಡಿದಾದ ತೊರೆ ಬೇಕು. ಬಯಲಿನ ನಿಧಾನ ಹೊಳೆಯಲ್ಲಿ ನೀರು ಜಾಸ್ತಿ, ರಭಸ ಕಡಿಮೆ. ಅಲ್ಲಿ ದೊಡ್ಡ ಚಕ್ರ ನಿಲ್ಲಿಸಿ, ಗಿಯರಿನಿಂದ ವೇಗ ಏರಿಸುವುದೇ ದಾರಿ. ಇದು ಹೊಸದೂ ಅಲ್ಲ. ಕ್ರಿಸ್ತಪೂರ್ವ 1ನೇ ಶತಮಾನದಲ್ಲೇ ರೋಮಿನ ವಾಸ್ತುಶಿಲ್ಪಿ ವಿಟ್ರೂವಿಯಸ್ ನೆಟ್ಟಗೆ ನಿಂತ ಚಕ್ರ, ಹಲ್ಲುಚಕ್ರ ಸೇರಿದ ಗಿರಣಿಯನ್ನು ವಿವರಿಸಿದ್ದಾರೆ. ದಕ್ಷಿಣ ಫ್ರಾನ್ಸಿನ ಬಾರ್ಬೆಗಾಲ್‌ನಲ್ಲಿ ರೋಮನ್ನರು ಗುಡ್ಡದ ಇಳಿಜಾರಿಗೆ ಎರಡು ಸಾಲಿನಲ್ಲಿ 16 ಚಕ್ರ ಇಟ್ಟಿದ್ದರು, ಒಂದರಿಂದ ಬಿದ್ದ ನೀರು ಮುಂದಿನದಕ್ಕೆ. 1086ರ ಹೊತ್ತಿಗೆ ಇಂಗ್ಲೆಂಡಿನ ಭೂಲೆಕ್ಕದಲ್ಲಿ 5,000ಕ್ಕೂ ಹೆಚ್ಚು ಗಿರಣಿಗಳಿದ್ದವು.

ಹಾಗೇ ನೋಡಿ, ಘರಾಟ್‌ನಲ್ಲಿ ಕಟ್ಟಡ ಅಂದರೆ ಯಂತ್ರಕ್ಕೆ ಹೊದಿಸಿದ ಸೂರು. ಇಲ್ಲಿ ಗೋಡೆ, ಗುಂಡಿ, ಅಟ್ಟ ಎಲ್ಲವೂ ಯಂತ್ರದ ಭಾಗವೇ.

ಗೋಣಿಚೀಲ:

ಅಟ್ಟದ ಬಗ್ಗೆ ಯಾರೂ ಮಾತಾಡಿಲ್ಲ! ಮೂರು ಅಂತಸ್ತು ಯಾಕೆ ಅಂದರೆ ಕಾಳು ತಾನಾಗಿ ಇಳಿಯಬೇಕು. ಮೇಲಿನ ಅಟ್ಟದಲ್ಲಿ ಕಾಳಿನ ದೊಡ್ಡ ಪೆಟ್ಟಿಗೆಗಳು, ನಡುವೆ ಕಲ್ಲು, ಕೆಳಗೆ ಹಿಟ್ಟು. ಮನುಷ್ಯ ಕಾಳನ್ನು ಒಂದೇ ಸಲ ಮೇಲೆ ಏರಿಸಿದರೆ ಸಾಕು, ಆಮೇಲೆ ಎಲ್ಲ ಇಳಿಜಾರಿನ ಕೆಲಸ. ಆ ಒಂದು ಸಲ ಏರಿಸುವುದನ್ನೂ ಚಕ್ರವೇ ಮಾಡುತ್ತದೆ. ಚಾವಣಿಯಿಂದ ಹೊರಗೆ ಚಾಚಿಕೊಂಡ ಚಿಕ್ಕ ಗೂಡಿನಂಥದ್ದು ಇದ್ದರೆ ಅಲ್ಲಿಂದಲೇ ಸರಪಳಿ ಇಳಿಬಿಟ್ಟು ಗಾಡಿಯಿಂದ ನೇರ ಚೀಲ ಎತ್ತುತ್ತಿದ್ದರು.

ಒಳಗಡೆ ಎತ್ತುವ ವ್ಯವಸ್ಥೆ ನೋಡಿದಾಗ ನಾನು ಅರ್ಧ ಗಂಟೆ ಅಲ್ಲೇ ನಿಂತುಬಿಟ್ಟೆ. ಪ್ರತಿ ಅಂತಸ್ತಿನ ನೆಲದಲ್ಲೂ ಎರಡು ರೆಕ್ಕೆಯ ಬಾಗಿಲು, ಮೇಲ್ಮುಖವಾಗಿ ಮಾತ್ರ ತೆರೆಯುತ್ತದೆ. ನಡುವೆ ಸರಪಳಿಗೆ ಒಂದು ತೂತು. ಚೀಲ ಮೇಲೆ ಬರುತ್ತಾ ಬಾಗಿಲನ್ನು ತಾನೇ ತಲೆಯಿಂದ ತಳ್ಳಿ ತೆರೆಯುತ್ತದೆ, ದಾಟಿದ ತಕ್ಷಣ ರೆಕ್ಕೆಗಳು ದಡ್ ಎಂದು ಮುಚ್ಚಿಕೊಳ್ಳುತ್ತವೆ. ಹಿಡಿದವನ ಕೈ ಜಾರಿದರೂ ಚೀಲ ಮುಚ್ಚಿದ ಬಾಗಿಲ ಮೇಲೆ ಕೂರುತ್ತದೆ, ಕೆಳಗಿದ್ದವರ ತಲೆ ಮೇಲಲ್ಲ. ಬಾಗಿಲಿನ ಅಂಚಿನ ಮರ ಚೀಲದ ಉಜ್ಜಿಗೆ ಸವೆದು ಹೊಳೆಯುತ್ತಿತ್ತು, ಬೆರಳಿಟ್ಟರೆ ಗಾಜಿನ ಹಾಗೆ ನುಣುಪು. ಅಳತೆಪಟ್ಟಿಯವರೇ, ಹಳೇ ಬಾಗಿಲು ತೆಗೆದು ಹೊಸ ಹಲಗೆ ಹೊಡೆಯಲು ಮಾತ್ರ ಬಿಡಬೇಡಿ.

ಕಲ್ಲಿನ ಮೇಲಿನ ಹಾಪರಿನಲ್ಲಿ, ಅಂದರೆ ಕಾಳು ಸುರಿಯುವ ಪೆಟ್ಟಿಗೆಯಲ್ಲಿ, ಒಂದು ಚರ್ಮದ ಪಟ್ಟಿ, ಅದಕ್ಕೆ ಕಟ್ಟಿದ ಗಂಟೆ ಇದೆಯಾ ನೋಡಿ. ಕಾಳಿನ ಭಾರ ಇರುವವರೆಗೂ ಪಟ್ಟಿ ಬಿಗಿಯಾಗಿರುತ್ತದೆ. ಕಾಳು ತೀರುತ್ತಾ ಬಂದಂತೆ ಪಟ್ಟಿ ಸಡಿಲವಾಗಿ ಗಂಟೆ ಇಳಿದು ಬಡಿಯತೊಡಗುತ್ತದೆ. ಕಾಳಿಲ್ಲದೆ ಕಲ್ಲಿಗೆ ಕಲ್ಲು ತಿರುಗಿದರೆ ಕಿಡಿ. ಕಿಡಿ, ಗಾಳಿಯಲ್ಲಿ ಹಿಟ್ಟಿನ ಧೂಳು, ಮರದ ಕಟ್ಟಡ ಮೂರೂ ಸೇರಿದರೆ ಏನಾಗುತ್ತದೆ ಹೇಳಬೇಕಿಲ್ಲ. ಹಳ್ಳಿಯ ಗಿರಣಿಯಲ್ಲ, ಬಹಳ ದೊಡ್ಡದು, ಆದರೂ ಹೇಳುತ್ತೇನೆ: 1878ರ ಮೇ 2ರಂದು ಅಮೆರಿಕದ ಮಿನಿಯಾಪೊಲಿಸ್‌ನ ವಾಶ್‌ಬರ್ನ್ ಗಿರಣಿಯಲ್ಲಿ ಹಿಟ್ಟಿನ ಧೂಳು ಸಿಡಿದು 18 ಜನ ಸತ್ತರು.

ಹೊಸಬಳಕೆ:

ಇದೆಲ್ಲ ಓದಲು ಚೆನ್ನಾಗಿದೆ, ಆದರೆ ಪ್ರಾಯೋಗಿಕವಾಗಿ ಯೋಚಿಸಿ. ಇವತ್ತು ಅಲ್ಲಿ ಯಾರೂ ಬೀಸುವುದಿಲ್ಲ. ಹೊರಗಿನ ಚಕ್ರ ಚೆಂದಕ್ಕೆ ಇಟ್ಟುಕೊಂಡು, ಒಳಗಿನದ್ದೆಲ್ಲ ತೆಗೆದು ಜಾಗ ಮಾಡಿದರೆ ಕಟ್ಟಡ ಜನಕ್ಕೆ ಉಪಯೋಗಕ್ಕೆ ಬರುತ್ತದೆ. ಬಳಕೆ ಇಲ್ಲದ ಕಟ್ಟಡ ಬೀಳುತ್ತದೆ. ಬೇಕಿದ್ದರೆ ಒಂದು ಚಿಕ್ಕ ಟರ್ಬೈನ್ ಇಟ್ಟು ಕರೆಂಟ್ ಮಾಡಿ.

ಮರಗೆಲಸ:

ಬಳಕೆ ಇಲ್ಲದ್ದು ಬೀಳುತ್ತದೆ ಎಂಬುದನ್ನು ಒಪ್ಪುತ್ತೇನೆ. ಆದರೆ ನೀವು ಹೇಳಿದ್ದರಲ್ಲಿ ಉಳಿಯುವುದು ಯಾವುದು, ಹೋಗುವುದು ಯಾವುದು ನೋಡಿ. ಹೊರಗಿನ ಚಕ್ರ ಆ ಕಟ್ಟಡದಲ್ಲಿ ಎಲ್ಲಕ್ಕಿಂತ ಬೇಗ ಹಾಳಾಗುವ ಭಾಗ. ಅದನ್ನು ಹಿಂದೆಯೂ ಮತ್ತೆ ಮತ್ತೆ ಬದಲಾಯಿಸಿದ್ದಾರೆ, ಮುಂದೆಯೂ ಬದಲಾಯಿಸಬಹುದು. ಒಳಗಿನ ಚೌಕಟ್ಟು, ಗಿಯರು, ಕಲ್ಲು ಹೋದರೆ ಮತ್ತೆ ಬರುವುದಿಲ್ಲ. ನೀವು ಬದಲಾಯಿಸಬಹುದಾದದ್ದನ್ನು ಉಳಿಸಿ, ಬದಲಾಯಿಸಲಾಗದ್ದನ್ನು ಬಿಸಾಡಲು ಹೇಳುತ್ತಿದ್ದೀರಿ.

ಇನ್ನೊಂದು ವಿಷಯ. ತಿರುಗದೆ ನಿಂತುಬಿಟ್ಟ ಚಕ್ರ ಚೆಂದಕ್ಕೂ ಉಳಿಯುವುದಿಲ್ಲ. ಕೆಳಗಿನ ಭಾಗ ಸದಾ ನೆನೆಯುತ್ತದೆ, ಮೇಲಿನದು ಒಣಗಿ ಬಿರಿಯುತ್ತದೆ. ಒಂದು ಕಡೆ ಭಾರ ಜಾಸ್ತಿಯಾಗಿ ಚಕ್ರ ತೂಕ ತಪ್ಪುತ್ತದೆ. ತಿರುಗುತ್ತಾ ಎಲ್ಲ ಕಡೆ ಒಂದೇ ಸಮ ನೆನೆದರೆ ಮಾತ್ರ ಮರ ಬಾಳುತ್ತದೆ. ಕರೆಂಟ್ ಮಾಡುವುದಕ್ಕೆ ನನ್ನ ವಿರೋಧವಿಲ್ಲ, ಅದೇ ಚಕ್ರದಿಂದ ಮಾಡಿ.

ತೂಬು:

ಲೆಕ್ಕ ಹೇಳಿಬಿಡುತ್ತೇನೆ. ಸೆಕೆಂಡಿಗೆ 250 ಲೀಟರ್ ನೀರು, 3.2 ಮೀಟರ್ ಬೀಳುವ ಎತ್ತರ ಅಂದುಕೊಳ್ಳಿ. ನೀರಿನಲ್ಲಿರುವ ಶಕ್ತಿ ಸುಮಾರು 7.8 ಕಿಲೋವ್ಯಾಟ್. ಮೇಲಿಂದ ತುಂಬುವ ಚಕ್ರ ನೂರಕ್ಕೆ 60 ಹಿಡಿದರೂ 4.7 ಕಿಲೋವ್ಯಾಟ್, ಅಂದರೆ ಆರು ಅಶ್ವಶಕ್ತಿ ಚಿಲ್ಲರೆ. ಕಟ್ಟಡದ ದೀಪಕ್ಕೆ ಧಾರಾಳ. ಬೀಸಲೂ ಸಾಕು.

ಹಳೇಗಾರೆ:

ಗೋಡೆಯ ಬಗ್ಗೆ ಎರಡು ಮಾತು. ಚಕ್ರದ ಕಡೆಯ ಗೋಡೆಗೆ ಯಾರಾದರೂ ಸಿಮೆಂಟ್ ಸಂದಿಗಾರೆ ಮಾಡಿದ್ದಾರಾ ನೋಡಿ. ಮಾಡಿದ್ದರೆ ಕಲ್ಲಿನೊಳಗೆ ಹೋದ ನೀರು ಹೊರಗೆ ಬರಲಾರದೆ ಒಳಗಿನ ಕಡೆಗೆ ಸರಿಯುತ್ತದೆ. ಜಂತೆಯ ತುದಿ ಕೊಳೆಯುವುದು ಅಲ್ಲಿಂದಲೇ. ಸುಣ್ಣದ ಗಾರೆಯೇ ಬೇಕು. ಆದರೆ ಸಾಮಾನ್ಯ ಸುಣ್ಣ ನೀರಿನ ಕೆಳಗೆ ಗಟ್ಟಿಯಾಗುವುದಿಲ್ಲ. ಮೇಲೆ ಹೇಳಿದ ಅದೇ ಸ್ಮೀಟನ್, ಇಂಗ್ಲೆಂಡಿನ ಕಡಲಲ್ಲಿ ಎಡ್ಡಿಸ್ಟೋನ್ ದೀಪಸ್ತಂಭ ಕಟ್ಟುವ ಮುನ್ನ 1756ರಲ್ಲಿ ಪರೀಕ್ಷೆ ಮಾಡಿ, ಜೇಡಿ ಬೆರೆತ ಸುಣ್ಣಕಲ್ಲು ಸುಟ್ಟರೆ ಸಿಗುವ ಸುಣ್ಣ ನೀರಿನಲ್ಲೂ ಗಟ್ಟಿಯಾಗುತ್ತದೆ ಎಂದು ಕಂಡುಕೊಂಡರು. ಚಕ್ರದ ಗುಂಡಿಗೆ ಅಂಥ ಸುಣ್ಣ, ಮೇಲಿನ ಗೋಡೆಗೆ ಸಾಮಾನ್ಯ ಸುಣ್ಣ. ಎರಡನ್ನೂ ಬೆರೆಸಬೇಡಿ.

ಅಳತೆಪಟ್ಟಿ:

ಎರಡು ದಿನ ಅಲ್ಲೇ ಇದ್ದು ಬಂದೆ. ನೀವು ಹೇಳಿದ್ದನ್ನೆಲ್ಲ ನೋಡಿದೆ.

ಮೊದಲು ಹಲ್ಲು. ಗುಂಡಿಯ ಚಕ್ರದಲ್ಲಿ 88, ಅದಕ್ಕೆ ಸಿಗುವ ಚಿಕ್ಕದರಲ್ಲಿ 27. ಮೇಲಿನ ದೊಡ್ಡದರಲ್ಲಿ 91, ಕಲ್ಲಿನ ಚಿಕ್ಕ ಚಕ್ರದಲ್ಲಿ 22. ಗುಣಿಸಿ ನೋಡಿದರೆ ಹೊರಗಿನ ಚಕ್ರ ಒಂದು ಸುತ್ತು ಬಂದರೆ ಕಲ್ಲು ಹದಿಮೂರೂವರೆ ಸುತ್ತು. ಎಂಟು ಸುತ್ತಿಗೆ 108. ಮರಗೆಲಸದವರು ಹೇಳಿದ್ದ ವೇಗಕ್ಕೇ ಬಂತು. ಯಾವ ಜೋಡಿಯಲ್ಲೂ ಒಂದನ್ನು ಬಿಟ್ಟು ಬೇರೆ ಯಾವ ಸಂಖ್ಯೆಯೂ ಎರಡನ್ನೂ ಭಾಗಿಸುವುದಿಲ್ಲ, ಕೂತು ಪರೀಕ್ಷಿಸಿದೆ.

ಜಂತೆಗಳು ಗೋಡೆಯಲ್ಲೇ ಕೂತಿವೆ. ಚೌಕಟ್ಟಿನ ಹತ್ತಿರ ಬಂದಾಗ ಅಡ್ಡ ತೊಲೆ ಕೊಟ್ಟು ಅದನ್ನು ಸುತ್ತಿಕೊಂಡು ಹೋಗಿವೆ. ಚೌಕಟ್ಟಿನ ಮೇಲೆ ಒಂದೂ ಇಲ್ಲ. ಗಂಟೆ ಇಲ್ಲ, ಆದರೆ ಹಾಪರಿನಲ್ಲಿ ಪಟ್ಟಿಯ ಎರಡು ತೂತು ಇವೆ. ಸಿಮೆಂಟ್ ಹೊರಗಡೆ ಒಂದು ಕಡೆ ಬಳಿದಿದ್ದಾರೆ, ಅದರ ಸರಿ ಹಿಂದೆ ಎರಡು ಜಂತೆ ತುದಿ ಮೆತ್ತಗಾಗಿದೆ.

ಟಾರ್ಚ್ ಓರೆ ಹಿಡಿದಾಗ ಗೀರು ಕಂಡಿತು! ಈಗಿನ ಚಕ್ರದ ವ್ಯಾಸ 3.2 ಮೀಟರ್, ನೀರು ಮೇಲಿಂದ ಬೀಳುವಂಥದ್ದು. ಗೋಡೆಯ ಮೇಲೆ ಅದಕ್ಕಿಂತ ದೊಡ್ಡ ಬಿಲ್ಲು ಇದೆ, 4.2 ಮೀಟರ್ ವ್ಯಾಸದ ಚಕ್ರದ್ದು. ಅದರ ಕೇಂದ್ರ ಹುಡುಕಿ ಸೀಮೆಸುಣ್ಣದಲ್ಲಿ ಗುರುತು ಮಾಡಿದೆ. ಈಗಿನ ಅಚ್ಚಿಗಿಂತ ಒಂದು ಮೊಳ ಮೇಲೆ, ಸ್ವಲ್ಪ ಪಕ್ಕಕ್ಕೆ. ಸರಿಯಾಗಿ ಆ ಜಾಗದಲ್ಲಿ ಗೋಡೆಯ ಕಲ್ಲುಗಳು ಬೇರೆ ಬಣ್ಣದವು. ಹಳೇ ಅಚ್ಚಿನ ಕಂಡಿಯನ್ನು ಮುಚ್ಚಿದ್ದಾರೆ. ಒಡ್ಡಿಗೂ ಮೇಲೆ ಒಂದು ಸಾಲು ಕಲ್ಲು ಆಮೇಲೆ ಸೇರಿಸಿದ್ದು ಕಾಣುತ್ತದೆ. ಮೊದಲು ನಡುವೆ ನೀರು ಹೊಡೆಯುವ ದೊಡ್ಡ ಚಕ್ರ ಇದ್ದು, ಒಡ್ಡು ಏರಿಸಿದ ಮೇಲೆ ಈಗಿನದು ಬಂದಿದೆ ಎಂದು ನನ್ನ ಅಂದಾಜು. ತೂಬು ಅವರು ಏನು ಹೇಳ್ತೀರಿ?

ಕೊನೆಗೆ ಆ ಸಂದಿ. ಫೋನಿನ ಕ್ಯಾಮೆರಾ ಒಳಗೆ ತೂರಿಸಿ ಫೋಟೋ ತೆಗೆದೆ. ಚೌಕಟ್ಟಿನ ಹಿಂದಿನ ಗೋಡೆಗೆ ಪೂರ್ತಿ ಸುಣ್ಣ ಬಳಿದಿದ್ದಾರೆ, ಕುಂಚದ ಗೆರೆಗಳು ಕಂಬದ ಹಿಂದೆ ಎಲ್ಲೂ ತುಂಡಾಗಿಲ್ಲ. ಅಂದರೆ ಗೋಡೆ ಮುಗಿದು, ಸುಣ್ಣ ಒಣಗಿದ ಮೇಲೆ ಚೌಕಟ್ಟನ್ನು ತಂದು ನಿಲ್ಲಿಸಿದ್ದಾರೆ, ನಾಲ್ಕು ಬೆರಳು ಬಿಟ್ಟು. ಕಾಂಕ್ರೀಟ್ ತುಂಬೋಣ ಎಂದಿದ್ದವರಿಗೆ ಫೋಟೋ ತೋರಿಸಿದೆ. ತುಂಬಾ ಹೊತ್ತು ನೋಡಿದರು. ಆಮೇಲೆ ಅವರೇ ನಕ್ಷೆಯ ಮೇಲೆ ಆ ಸಂದಿಗೆ ಕೆಂಪು ಗೆರೆ ಎಳೆದು, ‘ಖಾಲಿ ಬಿಡಬೇಕು’ ಎಂದು ಬರೆದರು.